ಸುವಾರ್ತೆ ಅಂದ್ರೆ ನಿಜವಾಗಿ ಏನು? ಮಾರ್ಕನ ಪುಸ್ತಕ ಹಿಡ್ಕೊಂಡು ಓದೋಕೆ ಒಂದು ದಾರಿ

ನಮ್ಮ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಇಗರ್ಜಿ ನೋಡ್ದೆ ಬೆಳೆದವರು ಯಾರೂ ಇಲ್ಲ, ಕ್ರಿಸ್ಮಸ್ಸಿಗೆ ಪಕ್ಕದ ಮನೆಯಿಂದ ತಿಂಡಿ ಬರುತ್ತೆ, ಹಬ್ಬಕ್ಕೆ ಬ್ಯಾಂಡ್ ಕೇಳುತ್ತೆ, ಸ್ಕೂಲಲ್ಲಿ ಸಿಸ್ಟರ್ ಪಾಠ ಮಾಡಿರ್ತಾರೆ. ಆದ್ರೆ "ಸುವಾರ್ತೆ ಅಂದ್ರೆ ಏನು" ಅಂತ ಕೇಳಿ ನೋಡಿ, ಒಬ್ಬೊಬ್ಬರದ್ದು ಒಂದೊಂದು ಉತ್ತರ. ಬೈಬಲ್‌ನಲ್ಲಿರೋ ನಾಲ್ಕು ಪುಸ್ತಕ ಅಂತ ಒಬ್ರು, ಒಳ್ಳೆಯವರಾಗಿ ಬದುಕಿ ಅನ್ನೋ ಉಪದೇಶ ಅಂತ ಇನ್ನೊಬ್ರು, ಸತ್ಮೇಲೆ ಸ್ವರ್ಗಕ್ಕೆ ಹೋಗೋ ದಾರಿ ಅಂತ ಮತ್ತೊಬ್ರು. ಶಿರಸಿಯ ನನ್ನ ಸ್ನೇಹಿತ ಒಬ್ಬ ನೇರವಾಗಿ ಕೇಳ್ದ, "ನೀವು ಇಷ್ಟು ವರ್ಷದಿಂದ ಸುವಾರ್ತೆ ಸುವಾರ್ತೆ ಅಂತೀರಲ್ಲ, ಎಂತ ಮಾರಾಯ ಅದು, ಒಂದು ಮಾತಲ್ಲಿ ಹೇಳು ನೋಡ್ವ" ಅಂತ. ಅವನಿಗೆ ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಒಂದು ಮಾತಲ್ಲಿ ಹೇಳೋದಾದ್ರೆ ಸುವಾರ್ತೆ ಅನ್ನೋದು ಸುದ್ದಿ. ನಾವು ಏನು ಮಾಡ್ಬೇಕು ಅನ್ನೋದಕ್ಕಿಂತ ಮೊದ್ಲು, ದೇವರು ಯೇಸುವಿನ ಮೂಲಕ ಏನು ಮಾಡಿದ್ರು ಅನ್ನೋ ಸುದ್ದಿ. ನಾವು ಮಾಡೋದೆಲ್ಲ ಆ ಸುದ್ದಿ ಕೇಳಿದ ಮೇಲಿನದ್ದು. ಆದ್ರೆ ನಾನು ಹೇಳ್ದೆ ಅಂತ ಒಪ್ಕೋಬೇಡಿ, ಬೈಬಲ್ಲೇ ಹಾಗೆ ಹೇಳುತ್ತಾ ಇಲ್ವಾ ಅಂತ ನೀವೇ ಓದಿ ನೋಡ್ಬೇಕು, ಅದಕ್ಕೇ ಈ ಕ್ರಮ. ನೀವು ಕ್ರೈಸ್ತರಾಗಿದ್ರೂ ಆಗ್ದೇ ಇದ್ರೂ ಇದು ಒಂದೇ ಥರ ಕೆಲಸ ಮಾಡುತ್ತೆ, ಓದೋಕೆ ಮನಸ್ಸೊಂದಿದ್ರೆ ಸಾಕು.

ಮೊದಲನೇದು, ಯಾವ ಬೈಬಲ್ ತಗೋಬೇಕು

ಇದರಲ್ಲಿ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಕ್ಯಾಥೋಲಿಕ್ ಬೈಬಲ್‌ನಲ್ಲಿ 73 ಪುಸ್ತಕ, ಪ್ರೊಟೆಸ್ಟಂಟ್ ಬೈಬಲ್‌ನಲ್ಲಿ 66, ವ್ಯತ್ಯಾಸ ಇರೋದು ಹಳೆ ಒಡಂಬಡಿಕೆಯಲ್ಲಿ, ಅಂದ್ರೆ ಯೇಸುವಿಗಿಂತ ಹಿಂದಿನ ಭಾಗದಲ್ಲಿ ಮಾತ್ರ, ಯೇಸುವಿನಿಂದ ಶುರುವಾಗೋ ಹೊಸ ಒಡಂಬಡಿಕೆ ಇಬ್ರಿಗೂ ಅದೇ 27. ಕ್ಯಾಥೋಲಿಕರು ಶುಭಸಂದೇಶ ಅಂತಾರೆ, ಪ್ರೊಟೆಸ್ಟಂಟರು ಸುವಾರ್ತೆ ಅಂತಾರೆ, ನಮ್ಮ ಕೊಂಕಣಿ ಪೂಜೆಯಲ್ಲಿ ವಾಂಜೆಲ್ ಅಂತಾರೆ, ಮೂರೂ ಒಂದೇ. ಹಳೇ ಕನ್ನಡ ಅನುವಾದ ಗಂಭೀರವಾಗಿ ಚೆನ್ನಾಗಿದೆ, ಕನ್ನಡದಲ್ಲಿ ಪೂರ್ತಿ ಬೈಬಲ್ ಬಳ್ಳಾರಿಯಲ್ಲಿ 1831ರಲ್ಲೇ ಅಚ್ಚಾಗಿತ್ತು ಅನ್ನೋದು ನೆನಪಿಟ್ಕೊಳ್ಳೋ ವಿಷಯ, ಆದ್ರೆ ಮೊದಲ ಸಲ ಓದೋರಿಗೆ ಸರಳ ಕನ್ನಡದ ಹೊಸ ಅನುವಾದವೇ ವಾಸಿ. ಫೋನಲ್ಲಿ ಬೈಬಲ್ ಆ್ಯಪ್ ಇದ್ರೆ ಅದೂ ಆಗುತ್ತೆ, ನನಗಂತೂ ಪೆನ್ಸಿಲ್ಲಲ್ಲಿ ಗೆರೆ ಎಳೆಯೋಕೆ ಪುಸ್ತಕವೇ ಬೇಕು. 1:15 ಅಂತ ಬರೆದಿದ್ರೆ ಒಂದನೇ ಅಧ್ಯಾಯದ ಹದಿನೈದನೇ ವಚನ ಅಂತ ಅರ್ಥ, ಅಷ್ಟೇ ಗೊತ್ತಿದ್ರೆ ಸಾಕು.

ಎರಡನೇದು, ಮಾರ್ಕನನ್ನ ಒಂದೇ ಸಲಕ್ಕೆ ಓದಿ ಮುಗಿಸಿ

ಮತ್ತಾಯ, ಮಾರ್ಕ, ಲೂಕ, ಯೋಹಾನ ಅಂತ ನಾಲ್ಕು ಇದೆ, ಕ್ಯಾಥೋಲಿಕ್ ಪುಸ್ತಕದಲ್ಲಿ ಯೋಹಾನನ ಹೆಸರು ಯೊವಾನ್ನ ಅಂತ ಇರುತ್ತೆ. ತುಂಬಾ ಜನ ಮತ್ತಾಯನಿಂದ ಶುರು ಮಾಡ್ತಾರೆ, ಅಲ್ಲಿ ಮೊದಲ ಪುಟದಲ್ಲೇ ಅವನು ಇವನನ್ನ ಪಡೆದ ಇವನು ಅವನನ್ನ ಪಡೆದ ಅಂತ ವಂಶಾವಳಿ ಬರುತ್ತೆ, ಅಲ್ಲೇ ಪುಸ್ತಕ ಮುಚ್ಚಿ ಇಟ್ಟುಬಿಡ್ತಾರೆ. ಮಾರ್ಕ ಎಲ್ಲಕ್ಕಿಂತ ಚಿಕ್ಕದು, 16 ಅಧ್ಯಾಯ, ನಿಧಾನಕ್ಕೆ ಓದಿದ್ರೂ ಒಂದೂವರೆ ಗಂಟೆ. ಕುಮಟಾದಲ್ಲಿ ಶಿರಸಿ ಬಸ್ ಹತ್ತಿ ಶುರು ಮಾಡಿದ್ರೆ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟೋ ಹೊತ್ತಿಗೆ ಹೆಚ್ಚುಕಮ್ಮಿ ಮುಗಿದಿರುತ್ತೆ, ಘಟ್ಟದ ತಿರುವಲ್ಲಿ ತಲೆ ತಿರುಗೋರು ಮನೇಲೇ ಕೂತು ಓದಿ. ಹೆಚ್ಚಿನ ವಿದ್ವಾಂಸರು ನಾಲ್ಕರಲ್ಲಿ ಇದೇ ಮೊದಲು ಬರೆದದ್ದು ಅಂತಾರೆ, ಕ್ರಿ.ಶ. 70ರ ಆಸುಪಾಸು.

ಈ ಮೊದಲ ಓದಲ್ಲಿ ಎಲ್ಲೂ ನಿಲ್ಬೇಡಿ. ಅರ್ಥ ಆಗ್ದಿದ್ರೆ ಮಾರ್ಜಿನ್ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಬಿಡಿ ಬಿಡಿ ವಚನ ಕ್ಯಾಲೆಂಡರಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಲ್ಲಿ ಓದಿ ನಮಗೆ ಅಭ್ಯಾಸ ಆಗಿಹೋಗಿದೆ, ಅದರಿಂದ ಸಮಾಧಾನ ಸಿಗಬಹುದು, ಸುವಾರ್ತೆ ಸಿಗಲ್ಲ, ಯಾಕಂದ್ರೆ ಸುವಾರ್ತೆ ಇರೋದು ನಡೆದ ಘಟನೆಯ ಓಟದಲ್ಲಿ. ಮಾರ್ಕ ಬರೆಯೋದೇ ಹಾಗೆ, ಕೂಡಲೇ, ತಕ್ಷಣ, ಆಗಲೇ ಅಂತ ಓಡ್ತಾನೇ ಇರ್ತಾನೆ.

ಮೂರನೇದು, 1:14-15ರ ಹತ್ರ ಬಿಡಾರ ಹೂಡಿ

ಈಗ ಎರಡನೇ ಓದು, ಇದನ್ನ ನಿಧಾನಕ್ಕೆ ಮಾಡಿ. ಇಡೀ ಬೈಬಲ್‌ನಲ್ಲಿ ಸುವಾರ್ತೆಯನ್ನ ಯೇಸು ತಮ್ಮ ಬಾಯಲ್ಲಿ ಹೇಗೆ ಹೇಳಿದ್ರು ಅಂತ ಚಿಕ್ಕದಾಗಿ ಬೇಕಿದ್ರೆ ಈ ಎರಡು ವಚನ ನೋಡಿ. ಯೋಹಾನನನ್ನ (ಸುವಾರ್ತೆಯ ಪುಸ್ತಕದ ಯೋಹಾನ ಅಲ್ಲ, ಜನರಿಗೆ ದೀಕ್ಷಾಸ್ನಾನ ಕೊಡ್ತಿದ್ದ ಯೋಹಾನ) ಸೆರೆಗೆ ಹಾಕಿದ ಮೇಲೆ ಯೇಸು ಗಲಿಲಾಯಕ್ಕೆ ಬಂದು ದೇವರ ಸುವಾರ್ತೆ ಸಾರ್ತಾರೆ, ಕಾಲ ತುಂಬಿ ಬಂತು, ದೇವರ ರಾಜ್ಯ ಹತ್ತಿರ ಬಂತು, ಮನಸ್ಸು ತಿರುಗಿಸ್ಕೊಳ್ಳಿ, ಈ ಸುವಾರ್ತೆಯನ್ನ ನಂಬಿ ಅಂತ.

ಇಲ್ಲಿ ಒಂದೊಂದೇ ತುಂಡು ತಗೊಂಡು ಯೋಚನೆ ಮಾಡಿ. ಮೊದಲು ಗಮನಿಸ್ಬೇಕಾದ್ದು, ಒಳ್ಳೇ ಸುದ್ದಿ ಶುರುವಾಗೋದು ಒಬ್ಬ ಒಳ್ಳೇ ಮನುಷ್ಯ ಜೈಲಿಗೆ ಹೋದ ಮೇಲೆ. ಅಂದ್ರೆ ಎಲ್ಲಾ ಸರಿಯಾದ ಮೇಲೆ ಬಂದ ಸುದ್ದಿ ಅಲ್ಲ ಇದು. ಆಮೇಲೆ ಕ್ರಿಯಾಪದಗಳನ್ನ ನೋಡಿ, ಮೊದಲ ಎರಡು ಆಗಿಹೋದ ಸಂಗತಿ, ತುಂಬಿ ಬಂತು, ಹತ್ತಿರ ಬಂತು. ನಂತರದ ಎರಡು ನಮಗೆ ಹೇಳಿದ್ದು, ತಿರುಗಿ, ನಂಬಿ. ಈ ಕ್ರಮ ಹಿಂದುಮುಂದಾದ್ರೆ ಎಲ್ಲಾ ಕೆಟ್ಟುಹೋಗುತ್ತೆ. ನೀವು ತಿರುಗಿದ್ರೆ ಮಾತ್ರ ದೇವರು ಬರ್ತಾರೆ ಅಂತ ಯೇಸು ಹೇಳ್ಲಿಲ್ಲ, ದೇವರು ಬಂದಾಗಿದೆ, ಅದಕ್ಕೇ ತಿರುಗಿ ಅಂದ್ರು. ಪೆನ್ಸಿಲ್ ತಗೊಂಡು ಮೊದಲ ಎರಡಕ್ಕೆ ಒಂದು ಗುರುತು, ನಂತರದ ಎರಡಕ್ಕೆ ಇನ್ನೊಂದು ಗುರುತು ಹಾಕಿ, ಮುಂದೆ ಎಲ್ಲಿ ಓದಿದ್ರೂ ಇದೇ ಕೆಲಸ ಮಾಡ್ಬೇಕಾಗುತ್ತೆ, ಅಭ್ಯಾಸ ಆಗ್ಲಿ.

ದೇವರ ರಾಜ್ಯ ಅಂದ್ರೆ ಸತ್ತ ಮೇಲೆ ಹೋಗೋ ಊರು ಅಂತ ಅಂದ್ಕೊಂಡಿದ್ರೆ ಇಲ್ಲೇ ಸ್ವಲ್ಪ ನಿಲ್ಲಿ. ಹತ್ತಿರ ಬಂತು ಅಂತಿದಾರೆ, ನೀವು ಅಲ್ಲಿಗೆ ಹೋಗಿ ಅಂತಿಲ್ಲ. ದೇವರು ರಾಜನಾಗಿ ಆಳೋದು ಅಂತ ಅರ್ಥ. ಅದು ಹೇಗಿರುತ್ತೆ ಅಂತ ಮಾರ್ಕ ವ್ಯಾಖ್ಯಾನ ಬರೆಯೋದಿಲ್ಲ, ತೋರಿಸ್ತಾ ಹೋಗ್ತಾನೆ, ಜ್ವರ ಇಳಿಯುತ್ತೆ, ಕುಷ್ಠರೋಗಿಯನ್ನ ಮುಟ್ತಾರೆ, ತೆರಿಗೆ ವಸೂಲಿ ಮಾಡೋ ಲೇವಿಯ ಮನೇಲಿ ಊಟಕ್ಕೆ ಕೂರ್ತಾರೆ.

ನಾಲ್ಕನೇದು, ಹಿಂದಕ್ಕೆ ಹೋಗಿ ಯೆಶಾಯನನ್ನ ಓದಿ

ಮಾರ್ಕ 1:1 ಮುಗಿಸಿದ ಕೂಡಲೇ ಯೆಶಾಯ ಪ್ರವಾದಿ ಬರೆದ ಹಾಗೆ ಅಂತ ಶುರು ಮಾಡ್ತಾನೆ, ಅದು ನಮಗೆ ಕೊಟ್ಟ ಸೂಚನೆ. ಯೆಶಾಯ 40:1-11, ಆಮೇಲೆ 52:7-10 ಓದಿ, ಅಷ್ಟು ಸಾಕು. ಹಿನ್ನೆಲೆ ಏನಂದ್ರೆ ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನವರು ಯೆರೂಸಲೇಮನ್ನ ಹಾಳುಮಾಡಿ, ದೇವಾಲಯ ಸುಟ್ಟು, ಜನರನ್ನ ಹಿಡ್ಕೊಂಡು ಹೋದ್ರು. ಊರು ಬಿಟ್ಟು ಒಂದು ತಲೆಮಾರೇ ಕಳೀತು. ಅಂಥಾ ಜನಕ್ಕೆ ಯೆಶಾಯನ ಪುಸ್ತಕ ಹೇಳೋದು, ಬೆಟ್ಟದ ಮೇಲೆ ಸುದ್ದಿ ತರೋನು ಓಡಿ ಬರ್ತಿದಾನೆ, ಅವನ ಪಾದ ಎಷ್ಟು ಚಂದ, ಅವನು ತಂದ ಸುದ್ದಿ "ನಿನ್ನ ದೇವರು ರಾಜನಾಗಿದ್ದಾನೆ" ಅಂತ.

ನಮ್ಮ ಜಿಲ್ಲೇಲಿ ಕದ್ರಾ, ಕೊಡಸಳ್ಳಿ ಅಣೆಕಟ್ಟಿಗೆ, ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಮನೆತನದವರು ಈ ಅಧ್ಯಾಯಗಳನ್ನ ಓದೋದು ಬೇರೆ ಥರ ಇರುತ್ತೆ ಅಂತ ನನಗನ್ನಿಸುತ್ತೆ. ಊರಿಗೆ ವಾಪಸ್ ಹೋಗೋ ಮಾತು ಅವರಿಗೆ ಬರೀ ಕವಿತೆ ಅಲ್ಲ.

ಇನ್ನೊಂದು ಹಿನ್ನೆಲೆ ರೋಮಿನದ್ದು. ಈಗಿನ ಟರ್ಕಿಯ ಪ್ರಿಯೇನೆ ಅನ್ನೋ ಊರಲ್ಲಿ ಕ್ರಿ.ಪೂ. 9ರ ಒಂದು ಶಿಲಾಶಾಸನ ಸಿಕ್ಕಿದೆ, ಅದರಲ್ಲಿ ಅಗಸ್ಟಸ್ ಚಕ್ರವರ್ತಿ ಹುಟ್ಟಿದ ದಿನ ಲೋಕಕ್ಕೆ ಶುಭವಾರ್ತೆಗಳ ಆರಂಭ ಅಂತ ಕೆತ್ತಿದಾರೆ. ಅಂಥಾ ಕಾಲದಲ್ಲಿ ಮಾರ್ಕ ತನ್ನ ಮೊದಲ ಸಾಲಲ್ಲೇ, ರೋಮಿನವರೇ ಶಿಲುಬೆಗೆ ಹಾಕಿ ಕೊಂದ ಒಬ್ಬ ಹಳ್ಳಿಯ ಬಡಗಿಯ ಬಗ್ಗೆ ಅದೇ ಮಾತು ಬಳಸ್ತಾನೆ. ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅಂತ ಒಂದು ಕ್ಷಣ ಯೋಚನೆ ಮಾಡಿ.

ಸಮಯ ಇದ್ರೆ ಲೂಕ 4:16-21 ಕೂಡ ನೋಡಿ, ಯೇಸು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ಬಿಚ್ಚಿ ಬಡವರಿಗೆ ಶುಭವಾರ್ತೆ, ಸೆರೆಯಲ್ಲಿರೋರಿಗೆ ಬಿಡುಗಡೆ, ಕುರುಡರಿಗೆ ದೃಷ್ಟಿ ಅಂತ ಓದಿ, ಇವತ್ತು ನಿಮ್ಮ ಕಿವಿಯಲ್ಲೇ ಇದು ನೆರವೇರಿತು ಅಂತಾರೆ. ಆ ಇವತ್ತು ಅನ್ನೋ ಪದಕ್ಕೆ ಗೆರೆ ಎಳೀರಿ.

ಐದನೇದು, ಒಂದೇ ಒಂದು ಅಧ್ಯಾಯ ತಗೊಂಡು ಅರೆದು ಕುಡೀರಿ

ನಾನು ಎಲ್ಲರಿಗೂ ಹೇಳೋದು ಮಾರ್ಕ 5:21-43. ಯಾಯೀರ ಅಂತ ಸಭಾಮಂದಿರದ ಅಧಿಕಾರಿ, ಊರಲ್ಲಿ ಮರ್ಯಾದೆ ಇರೋ ಮನುಷ್ಯ, ಮಗಳು ಸಾಯೋ ಸ್ಥಿತೀಲಿ ಇದಾಳೆ ಅಂತ ಯೇಸುವಿನ ಕಾಲಿಗೆ ಬೀಳ್ತಾನೆ. ಯೇಸು ಹೊರಡ್ತಾರೆ, ದಾರಿ ತುಂಬ ಜನ ನೂಕುನುಗ್ಗಲು. ಆ ಗುಂಪಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವ ಆಗ್ತಿದ್ದ ಒಬ್ಳು ಹೆಂಗಸು. ಎಷ್ಟೋ ವೈದ್ಯರ ಹತ್ರ ಹೋಗಿ, ಇದ್ದದ್ದೆಲ್ಲ ಖರ್ಚು ಮಾಡಿ, ಗುಣ ಆಗೋದು ಬಿಟ್ಟು ಇನ್ನೂ ಜಾಸ್ತಿ ಆಗಿತ್ತು ಅಂತ ಮಾರ್ಕ ಮುಚ್ಚುಮರೆ ಇಲ್ದೆ ಬರೀತಾನೆ. ಹಳೆ ಒಡಂಬಡಿಕೆಯ ಕಾನೂನಿನ ಪುಸ್ತಕ ಯಾಜಕಕಾಂಡದ 15ನೇ ಅಧ್ಯಾಯದ ಪ್ರಕಾರ ಅವಳು ಮೈಲಿಗೆ, ಅವಳು ಮುಟ್ಟಿದ್ದೂ ಮೈಲಿಗೆ, ಅಂದ್ರೆ ಹನ್ನೆರಡು ವರ್ಷ ಯಾರ ಜೊತೆಗೂ ಸರಿಯಾಗಿ ಬೆರೆಯೋ ಹಾಗಿಲ್ಲ. ನಮ್ಮ ಮನೆಗಳಲ್ಲೂ ಹೊರಗೆ ಕೂರೋದು ಏನಂತ ಗೊತ್ತಿರೋ ಅಜ್ಜಿಯಂದಿರು ಈಗಲೂ ಇದಾರೆ, ಅವರಿಗೆ ಈ ಕಥೆ ವಿವರಿಸೋದೇ ಬೇಡ.

ಅವಳು ಹಿಂದಿನಿಂದ ಬಂದು ಬಟ್ಟೆ ಮುಟ್ತಾಳೆ, ರಕ್ತ ನಿಲ್ಲುತ್ತೆ. ಅಲ್ಲಿಗೇ ಮುಗೀಬಹುದಿತ್ತು. ಆದ್ರೆ ಯೇಸು ನಿಂತುಬಿಡ್ತಾರೆ, ಯಾರು ಮುಟ್ಟಿದ್ದು ಅಂತ ಕೇಳ್ತಾರೆ. ಶಿಷ್ಯರಿಗೆ ಇದು ವಿಚಿತ್ರ ಅನ್ಸುತ್ತೆ, ಇಷ್ಟು ಜನ ಮೇಲೆ ಬೀಳ್ತಿರೋವಾಗ ಯಾರು ಮುಟ್ಟಿದ್ದು ಅಂದ್ರೆ ಹೇಗೆ ಅಂತ. ಯಾಯೀರನ ಜಾಗದಲ್ಲಿ ನಿಂತು ನೋಡಿ, ಮಗಳು ಸಾಯ್ತಿದಾಳೆ, ಇವರು ದಾರೀಲಿ ನಿಂತು ವಿಚಾರಿಸ್ತಿದಾರೆ. ಅವಳು ನಡುಗ್ತಾ ಬಂದು ನಿಜ ಎಲ್ಲಾ ಹೇಳ್ತಾಳೆ. ಯೇಸು ಅವಳನ್ನ "ಮಗಳೇ" ಅಂತ ಕರೀತಾರೆ. ಅದೇ ಹೊತ್ತಿಗೆ ಯಾಯೀರನ ಮನೆಯಿಂದ ಸುದ್ದಿ ಬರುತ್ತೆ, ನಿಮ್ಮ ಮಗಳು ತೀರಿಹೋದ್ಲು ಅಂತ.

ಇಲ್ಲಿ ಎರಡು ಸುದ್ದಿ ಮುಖಾಮುಖಿ ಆಗುತ್ತೆ, ನೋಡಿ. ಯೇಸು ಯಾಯೀರನಿಗೆ ಹೇಳೋದು ಹೆದರಬೇಡ, ನಂಬಿಕೆ ಮಾತ್ರ ಇರ್ಲಿ ಅಂತ. ಮನೆಗೆ ಹೋಗಿ ಹುಡುಗಿಯ ಕೈ ಹಿಡಿದು "ತಲಿಥಾ ಕೂಮ್" ಅಂತಾರೆ, ಅಂದ್ರೆ ಪುಟ್ಟೀ ಏಳು ಅಂತ, ಅವರ ಮನೆಮಾತು ಅರಾಮಿಕ್, ಮಾರ್ಕ ಅದನ್ನ ಹಾಗೇ ಉಳಿಸ್ಕೊಂಡಿದಾನೆ. ಹುಡುಗಿಗೆ ಹನ್ನೆರಡು ವರ್ಷ, ಆ ಹೆಂಗಸಿನ ಕಾಯಿಲೆಗೂ ಹನ್ನೆರಡು ವರ್ಷ. ಇವಳು ಹುಟ್ಟಿದ ವರ್ಷ ಅವಳ ಕಷ್ಟ ಶುರುವಾಗಿತ್ತು. ಹುಡುಗಿ ಎದ್ದು ಓಡಾಡ್ತಾಳೆ, ಎಲ್ಲರೂ ಬೆರಗಾಗಿ ನಿಂತಿರೋವಾಗ ಯೇಸು ಹೇಳೋ ಮಾತು, ಅವಳಿಗೆ ಏನಾದ್ರೂ ತಿನ್ನೋಕೆ ಕೊಡಿ ಅಂತ. ಸತ್ತವಳನ್ನ ಎಬ್ಬಿಸಿದವರು ಅವಳ ಹಸಿವನ್ನ ಮರೀಲಿಲ್ಲ. ನನಗೆ ಈ ಸಾಲು ಎಷ್ಟು ಸಲ ಓದಿದ್ರೂ ಗಂಟಲು ಕಟ್ಟುತ್ತೆ.

ಈಗ ನಿಮ್ಮನ್ನ ನೀವೇ ಕೇಳ್ಕೊಳ್ಳಿ, ಇಲ್ಲಿ ಸುವಾರ್ತೆ ಎಲ್ಲಿದೆ ಅಂತ. ಪವಾಡದಲ್ಲಿ ಮಾತ್ರ ಅಂತಲ್ಲ. ರಕ್ತಸ್ರಾವ ಇರೋಳು ಮುಟ್ಟಿದ್ರೆ, ಹೆಣ ಮುಟ್ಟಿದ್ರೆ, ಕಾನೂನಿನ ಪ್ರಕಾರ ಯೇಸುವೇ ಮೈಲಿಗೆ ಆಗ್ಬೇಕಿತ್ತು. ಇಲ್ಲಿ ಹರಿಯೋ ದಿಕ್ಕೇ ಬದಲಾಗಿದೆ, ಮೈಲಿಗೆ ಅವರಿಗೆ ಅಂಟೋ ಬದಲು ಅವರಲ್ಲಿರೋ ಜೀವ ಈ ಕಡೆ ಹರೀತಿದೆ. ಅಧಿಕಾರಿಯ ಮಗಳಿಗೂ ಅದೇ, ಹೆಸರೂ ಇಲ್ಲದ ಹೆಂಗಸಿಗೂ ಅದೇ, ಕ್ಯೂನಲ್ಲಿ ಅವಳೇ ಮೊದಲು. ದೇವರ ರಾಜ್ಯ ಹತ್ತಿರ ಬಂತು ಅಂದಿದ್ದು ಇದನ್ನ.

ಆರನೇದು, ಮಾರ್ಕ ಭಾರ ಎಲ್ಲಿ ಹಾಕಿದಾನೆ ಅಂತ ಲೆಕ್ಕ ಹಾಕಿ

16 ಅಧ್ಯಾಯದಲ್ಲಿ 11ರಿಂದ 16ರವರೆಗೆ, ಅಂದ್ರೆ 6 ಅಧ್ಯಾಯ, ಯೆರೂಸಲೇಮಿನ ಕೊನೇ ಒಂದು ವಾರದ್ದು. ಅದಕ್ಕೆ ಮೊದಲೇ ಮೂರು ಸಲ, 8:31, 9:31, 10:33ರಲ್ಲಿ, ತಾನು ಸಾಯ್ತೀನಿ ಮತ್ತೆ ಏಳ್ತೀನಿ ಅಂತ ಯೇಸು ಹೇಳಿರ್ತಾರೆ, ಮೂರು ಸಲವೂ ಶಿಷ್ಯರಿಗೆ ತಲೆಗೆ ಹೋಗಲ್ಲ. ಮೊದಲ ಸಲ ಪೇತ್ರ ಯೇಸುವನ್ನೇ ಗದರಿಸೋಕೆ ಹೋಗ್ತಾನೆ, ಎರಡನೇ ಸಲ ತಮ್ಮಲ್ಲಿ ಯಾರು ದೊಡ್ಡವರು ಅಂತ ಜಗಳ ಆಡ್ತಾರೆ, ಮೂರನೇ ಸಲ ಜೆಬೆದಾಯನ ಮಕ್ಕಳಾದ ಇಬ್ಬರು ಶಿಷ್ಯರು ಯೇಸುವಿನ ಅಕ್ಕಪಕ್ಕದ ಸೀಟು ಕೇಳ್ತಾರೆ. ಈ ಮೂರನ್ನೂ ಒಟ್ಟಿಗೆ ಇಟ್ಟು ಓದಿ, ಆಗ 10:45 ಎಷ್ಟು ತೂಕದ ಮಾತು ಅಂತ ಗೊತ್ತಾಗುತ್ತೆ. ಮನುಷ್ಯಕುಮಾರ (ಯೇಸು ತಮ್ಮನ್ನ ತಾವೇ ಕರ್ಕೊಳ್ಳೋ ಹೆಸರು) ಬಂದದ್ದು ಸೇವೆ ಮಾಡಿಸ್ಕೊಳ್ಳೋಕೆ ಅಲ್ಲ, ಸೇವೆ ಮಾಡೋಕೆ, ಅನೇಕರ ಬಿಡುಗಡೆಗೆ ತನ್ನ ಪ್ರಾಣವನ್ನೇ ಬೆಲೆಯಾಗಿ ಕೊಡೋಕೆ.

ಯೇಸು ಒಳ್ಳೇ ಗುರು, ಅವರ ಬೋಧನೆ ತಗೊಳ್ಳೋಣ, ಶಿಲುಬೆ ಒಂದು ದುರಂತ ಅಂತ ಬಿಟ್ಟುಬಿಡೋಣ ಅನ್ನೋರು ತುಂಬ ಜನ, ಅವರ ಬಗ್ಗೆ ನನಗೆ ಗೌರವ ಇದೆ, ಆದ್ರೆ ಮಾರ್ಕ ಅದಕ್ಕೆ ಒಪ್ಪಲ್ಲ. ಅವನ ಪುಸ್ತಕದಲ್ಲಿ ಒಬ್ಬ ಮನುಷ್ಯ ಮೊದಲ ಸಲ ಬಾಯಿಬಿಟ್ಟು ಈತ ನಿಜವಾಗಿ ದೇವಕುಮಾರ ಅನ್ನೋದು ಪವಾಡ ನೋಡಿ ಅಲ್ಲ, ಯೇಸು ಸಾಯೋ ರೀತಿ ನೋಡಿ, ಹೇಳಿದ್ದು ಶಿಲುಬೆಗೆ ಹಾಕಿದ ತುಕಡಿಯ ರೋಮನ್ ಶತಾಧಿಪತಿ, 15:39.

16ನೇ ಅಧ್ಯಾಯಕ್ಕೆ ಬಂದಾಗ ಒಂದು ವಿಷಯ ಗೊತ್ತಿರಲಿ. ಅತಿ ಹಳೆಯ ಕೆಲವು ಹಸ್ತಪ್ರತಿಗಳು 16:8ಕ್ಕೆ ನಿಲ್ಲುತ್ತೆ, 9ರಿಂದ 20 ನಂತರ ಸೇರಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಅದಕ್ಕೇ ಕೆಲವು ಬೈಬಲ್‌ಗಳಲ್ಲಿ ಅದು ಕಂಸದೊಳಗೆ ಇರುತ್ತೆ, ಗಾಬರಿ ಆಗ್ಬೇಡಿ. ಅಲ್ಲಿ ನೋಡ್ಬೇಕಾದ್ದು 16:7. ಸಮಾಧಿ ಹತ್ರ ಬಂದ ಹೆಂಗಸರಿಗೆ ಬಿಳಿ ಬಟ್ಟೆಯ ಯುವಕ ಹೇಳ್ತಾನೆ, ಅವರು ಎದ್ದಿದ್ದಾರೆ, ಇಲ್ಲಿಲ್ಲ, ಹೋಗಿ ಅವರ ಶಿಷ್ಯರಿಗೂ ಪೇತ್ರನಿಗೂ ಹೇಳಿ ಅಂತ. ಪೇತ್ರನೂ ಶಿಷ್ಯನೇ ಅಲ್ವಾ, ಮತ್ತೆ ಅವನ ಹೆಸರು ಬೇರೆ ಯಾಕೆ? ಎರಡು ದಿನದ ಹಿಂದೆ ಬೆಂಕಿ ಕಾಯಿಸ್ಕೊಳ್ತಾ ಆ ಮನುಷ್ಯ ನಂಗೆ ಗೊತ್ತೇ ಇಲ್ಲ ಅಂತ ಮೂರು ಸಲ ಅಂದಿದ್ದವನು ಅವನು. ಆ ಸುದ್ದಿ ಅವನ ಹೆಸರು ಹಿಡಿದೇ ಬಂತು.

ಏಳನೇದು, ಪೌಲನ ಹತ್ರ ಹೋಗಿ ತಾಳೆ ನೋಡಿ

ಸುವಾರ್ತೆ ಅಂದ್ರೆ ಇದು ಅಂತ ಬೈಬಲ್ಲೇ ಪಟ್ಟಿ ಮಾಡಿ ಹೇಳೋ ಜಾಗ 1 ಕೊರಿಂಥ 15:1-8. ಪೌಲ ಅಂದ್ರೆ ಯೇಸುವಿನ ಸುದ್ದಿಯನ್ನ ಊರೂರಿಗೆ ಹೊತ್ತವನು, ಇದು ಅವನು ಕೊರಿಂಥದ ಸಭೆಗೆ ಬರೆದ ಪತ್ರ. ಬರೆದದ್ದು ಕ್ರಿ.ಶ. 50ರ ದಶಕದ ಮಧ್ಯದಲ್ಲಿ, ಮಾರ್ಕನ ಪುಸ್ತಕಕ್ಕೂ ಮೊದಲು, ಯೇಸು ತೀರಿಕೊಂಡು ಸುಮಾರು ಇಪ್ಪತ್ತೈದು ವರ್ಷ ಆಗಿತ್ತು ಅಷ್ಟೇ. ಇದು ನನ್ನ ಸ್ವಂತದ್ದಲ್ಲ, ನನಗೆ ಸಿಕ್ಕಿದ್ದನ್ನೇ ನಿಮಗೆ ಒಪ್ಪಿಸಿದೆ ಅಂತಾನೆ, ಅಂದ್ರೆ ಅದಕ್ಕೂ ಮುಂಚೆನೇ ಬಾಯಿಪಾಠವಾಗಿ ಹರಿದು ಬಂದ ಮಾತು. ಕ್ರಿಸ್ತ ನಮ್ಮ ಪಾಪಗಳಿಗಾಗಿ ಸತ್ತರು, ಹೂಣಲ್ಪಟ್ಟರು, ಮೂರನೇ ದಿನ ಎದ್ದರು, ಕಾಣಿಸಿಕೊಂಡರು. ಕೇಫನಿಗೆ ಅಂದ್ರೆ ಪೇತ್ರನಿಗೆ, ಹನ್ನೆರಡು ಜನರಿಗೆ, ಐನೂರಕ್ಕಿಂತ ಹೆಚ್ಚು ಸಹೋದರರಿಗೆ ಒಟ್ಟಿಗೆ, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದಾರೆ ಅಂತ ಬೇರೆ ಸೇರಿಸ್ತಾನೆ, ಅಂದ್ರೆ ಬೇಕಿದ್ರೆ ಹೋಗಿ ಕೇಳಿ ಅಂತ.

ಮೂರನೇ ಹಂತದ ಪೆನ್ಸಿಲ್ ಕೆಲಸ ಇಲ್ಲೂ ಮಾಡಿ. ಆ ನಾಲ್ಕೂ ಕ್ರಿಯಾಪದದ ಕರ್ತೃ ಕ್ರಿಸ್ತ. ನಾವು ಬರೋದು "ನಮ್ಮ ಪಾಪಗಳಿಗಾಗಿ" ಅನ್ನೋಷ್ಟಕ್ಕೆ ಮಾತ್ರ. ಮಾರ್ಕ ರಾಜ್ಯದ ಬಗ್ಗೆ ಹೇಳ್ತಾನೆ, ಪೌಲ ಸಾವು ಮತ್ತು ಪುನರುತ್ಥಾನದ ಬಗ್ಗೆ ಹೇಳ್ತಾನೆ, ಎರಡು ಬೇರೆ ಬೇರೆ ಸುವಾರ್ತೆಯಾ ಅಂತ ಕೆಲವರಿಗೆ ಗೊಂದಲ. ಅದೇ ಅಧ್ಯಾಯದಲ್ಲಿ ಮುಂದೆ 24-26 ಓದಿ, ಎದ್ದ ಕ್ರಿಸ್ತನೇ ಈಗ ಆಳ್ತಿರೋ ರಾಜ, ಕೊನೆಗೆ ಸೋಲೋ ಶತ್ರು ಸಾವು ಅಂತ ಪೌಲನೇ ಎರಡನ್ನೂ ಹೊಲಿದುಬಿಡ್ತಾನೆ.

ಎಂಟನೇದು, ನಾವು ಏನು ಮಾಡ್ಬೇಕು ಅನ್ನೋ ಪ್ರಶ್ನೆ

ಈಗ ಬಂತು ಅದು. ಲೂಕ 15:11-32, ತಪ್ಪಿಹೋದ ಮಗನ ಕಥೆ, ಗೊತ್ತಿರೋದೇ ಆದ್ರೂ ಮತ್ತೆ ಓದಿ. ಮಗ ಕ್ಷಮೆ ಕೇಳೋಕೆ ಒಂದು ಭಾಷಣ ತಯಾರು ಮಾಡ್ಕೊಂಡು ಬರ್ತಾನೆ, ಅವನಿನ್ನೂ ದೂರ ಇರೋವಾಗಲೇ ಅಪ್ಪ ಓಡಿಹೋಗಿ ತಬ್ಬಿಕೊಳ್ತಾನೆ, ನನ್ನನ್ನ ಕೂಲಿಯವನಾಗಿ ಇಟ್ಕೊಳ್ಳಿ ಅನ್ನೋ ಭಾಗ ಹೇಳೋಕೆ ಅಪ್ಪ ಬಿಡೋದೇ ಇಲ್ಲ. ಪಾಪ ಪುಣ್ಯದ ಲೆಕ್ಕ ಕೇಳಿ ಬೆಳೆದ ನಮಗೆಲ್ಲ, ಯಾವ ಜಾತಿ ಯಾವ ಮತದವರೇ ಆಗ್ಲಿ, ಇದು ಅಷ್ಟು ಸುಲಭಕ್ಕೆ ಜೀರ್ಣ ಆಗಲ್ಲ. ದೊಡ್ಡ ಮಗನಿಗೂ ಆಗ್ಲಿಲ್ಲ, ಇಷ್ಟು ವರ್ಷ ದುಡಿದ ನನಗೆ ಒಂದು ಆಡಿನ ಮರಿ ಕೂಡ ಕೊಡ್ಲಿಲ್ಲ ಅಂತ ಹೊರಗೇ ನಿಂತ. ಅಪ್ಪ ಅವನ ಹತ್ರಾನೂ ಹೊರಗೆ ಬಂದ. ಅವನು ಒಳಗೆ ಹೋದ್ನಾ ಇಲ್ವಾ ಅಂತ ಯೇಸು ಹೇಳೋದೇ ಇಲ್ಲ, ಯಾಕಂದ್ರೆ ಕಥೆ ಕೇಳ್ತಿದ್ದವರಲ್ಲಿ ಆ ದೊಡ್ಡ ಮಗನಂಥವರೂ ಇದ್ರು, 15:2 ನೋಡಿ.

ಹಾಗಾದ್ರೆ ಒಳ್ಳೇ ಕೆಲಸ ಮಾಡೋದು ಬೇಡ್ವಾ? ಎಫೆಸ 2:8-9 ಓದಿ ಅಲ್ಲಿಗೇ ನಿಲ್ಲಿಸ್ಬೇಡಿ, 10ನ್ನೂ ಓದಿ. ಕೃಪೆಯಿಂದ ರಕ್ಷಣೆ, ಕ್ರಿಯೆಯಿಂದಲ್ಲ, ಆದ್ರೆ ಸತ್ಕ್ರಿಯೆ ಮಾಡೋಕೇ ನಮ್ಮನ್ನ ಹೊಸದಾಗಿ ಸೃಷ್ಟಿ ಮಾಡಿದಾರೆ ಅಂತ. ಯಾಕೋಬ 2:17 ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನುತ್ತೆ. ಕ್ಯಾಥೋಲಿಕ್ ಮತ್ತು ಪ್ರೊಟೆಸ್ಟಂಟ್ ನಡುವೆ ಸುಮಾರು ಐನೂರು ವರ್ಷದ ಜಗಳ ಇದೇ ವಿಷಯಕ್ಕೆ ನಡೀತು. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪ್ರೊಟೆಸ್ಟಂಟರಲ್ಲಿ ಒಂದು ಪಂಗಡವಾದ ಲುಥೆರನ್ನರ ಒಕ್ಕೂಟ ಲುಥೆರನ್ ವರ್ಲ್ಡ್ ಫೆಡರೇಶನ್ನು ಮತ್ತು ಕ್ಯಾಥೋಲಿಕ್ ಸಭೆ ಜಂಟಿ ಘೋಷಣೆಗೆ ಸಹಿ ಹಾಕಿ, ನಮ್ಮ ಯೋಗ್ಯತೆಯಿಂದ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನ ಸ್ವೀಕರಿಸೋದು ಅನ್ನೋ ಮೂಲ ಮಾತಲ್ಲಿ ಒಪ್ಪಿಕೊಂಡ್ರು. ನಮ್ಮೂರಲ್ಲಿ ಈಗಲೂ ಇದೇ ವಿಷಯ ಹಿಡ್ಕೊಂಡು ಒಬ್ಬರಿಗೊಬ್ಬರು ಮಾತು ಬಿಟ್ಟೋರು ಇದಾರೆ, ಅವರಿಗೆ ಈ ಸುದ್ದಿ ಯಾರಾದ್ರೂ ತಲುಪಿಸ್ಬೇಕು.

ಒಂಬತ್ತನೇದು, ಬಲೆಯ ಸಾಮ್ಯ ಓದಿ

ರಾಜ್ಯ ಬಂದಾಗಿದೆ ಅಂದ್ರೆ ಲೋಕ ಯಾಕೆ ಹೀಗಿದೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಕೇಳಲೇಬೇಕು. ಅದಕ್ಕೆ ಯೇಸು ಹೇಳಿದ ಒಂದು ಸಾಮ್ಯ, ಅಂದ್ರೆ ಹೋಲಿಕೆಯ ಕಥೆ, ಮತ್ತಾಯ 13:47-50. ಇದನ್ನ ಬೆಂಗಳೂರಿನವರಿಗೆ ವಿವರಿಸ್ಬೇಕಾಗುತ್ತೆ, ನಮಗೆ ಬೇಡ, ಯಾಕಂದ್ರೆ ಅಲ್ಲಿರೋದು ಕೈಬಲೆ ಅಲ್ಲ, ನಮ್ಮ ರಂಪಣಿಯಂಥದ್ದೇ. ಒಂದು ಹಗ್ಗದ ತುದಿ ದಡದಲ್ಲಿ, ದೋಣಿ ಬಲೆ ಬಿಡ್ತಾ ಬಿಡ್ತಾ ಅರ್ಧ ಸುತ್ತು ಹೊಡೆದು ಇನ್ನೊಂದು ತುದಿ ದಡಕ್ಕೆ ತರುತ್ತೆ, ಆಮೇಲೆ ಎರಡೂ ಕಡೆ ಸಾಲಾಗಿ ನಿಂತು ಎಳೆಯೋದು. ಪರ್ಸೀನ್ ಬೋಟು ಬಂದ ಮೇಲೆ ಕಮ್ಮಿ ಆದ್ರೂ ನೋಡಿದವರು ಇನ್ನೂ ಬೇಕಾದಷ್ಟು ಇದಾರೆ. ಬಲೆ ನೀರಲ್ಲಿರೋವಾಗ ಬಂಗಡೆ ಯಾವುದು, ತಾರ್ಲೆ ಯಾವುದು, ಏಡಿ ಯಾವುದು, ಎಸೆಯೋದು ಯಾವುದು ಅಂತ ಯಾರೂ ಆರಿಸೋಕೆ ಹೋಗಲ್ಲ, ಎಲ್ಲವೂ ಒಟ್ಟಿಗೆ ಬರುತ್ತೆ. ಆರಿಸೋದು ಮರಳ ಮೇಲೆ ಬಂದ ನಂತರ. ಯೇಸು ಹೇಳಿದ್ದೂ ಅದನ್ನೇ, ಆರಿಸೋ ದಿನ ಒಂದು ಬರುತ್ತೆ, ಅದು ನಿಜ, ಆದ್ರೆ ಆ ಕೆಲಸ ದೇವದೂತರದ್ದು, ಬಲೆ ಇನ್ನೂ ನೀರಲ್ಲಿದೆ. ಸುವಾರ್ತೆ ಹೆಸರಲ್ಲಿ ಈಗಲೇ ಇವರು ಒಳಗೆ ಅವರು ಹೊರಗೆ ಅಂತ ವಿಂಗಡಿಸೋಕೆ ಕೂತವರನ್ನ ನೋಡಿದ್ರೆ ಈ ಸಾಮ್ಯ ಅವರ ಕೈಗೆ ಕೊಡ್ಬೇಕು ಅನ್ಸುತ್ತೆ.

ಹತ್ತನೇದು, ಕೇಳಿದ್ದನ್ನೆಲ್ಲ ಪರೀಕ್ಷೆ ಮಾಡಿ

ಗಲಾತ್ಯ 1:6-9ರಲ್ಲಿ ಪೌಲ ಬೇರೆ ಸುವಾರ್ತೆ ತರೋರ ಬಗ್ಗೆ ತುಂಬ ಖಾರವಾಗಿ ಬರೀತಾನೆ. ಈಗಲೂ ಅದು ಬೇಕು. ಕಾಣಿಕೆ ಹಾಕಿದ್ರೆ ಸಾಲ ತೀರುತ್ತೆ, ನಂಬಿಕೆ ಇದ್ರೆ ಕ್ಯಾನ್ಸರ್ ಹೋಗುತ್ತೆ ಮಾತ್ರೆ ಬಿಡಿ ಅಂತ ಯಾರಾದ್ರೂ ಸ್ಟೇಜ್ ಮೇಲೆ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಮಾತ್ರೆ ಬಿಡ್ಬೇಡಿ. ಪೌಲನಿಗೇ ಶರೀರದಲ್ಲಿ ಮುಳ್ಳು ಅಂತ ಏನೋ ಒಂದು ಬಾಧೆ ಇತ್ತು, ಮೂರು ಸಲ ಬೇಡ್ಕೊಂಡ್ರೂ ಹೋಗ್ಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಬಂತು, 2 ಕೊರಿಂಥ 12:7-9. ಹುಷಾರಿಲ್ಲದವರ ಮನೆಗೆ ಹೋಗಿ ನಿಮಗೆ ನಂಬಿಕೆ ಸಾಲದು ಅನ್ನೋದಕ್ಕಿಂತ ಕ್ರೂರ ಮಾತು ಇನ್ನೊಂದಿಲ್ಲ.

ಅದೇ ರೀತಿ ಸುವಾರ್ತೆ ಆತ್ಮಕ್ಕೆ ಮಾತ್ರ, ಬಡವರ ಹೊಟ್ಟೆಗೂ ಅದಕ್ಕೂ ಸಂಬಂಧ ಇಲ್ಲ ಅನ್ನೋರಿಗೆ ಲೂಕ 4 ತೋರಿಸಿ, ಬರೀ ಸಮಾಜಸೇವೆನೇ ಸುವಾರ್ತೆ ಅನ್ನೋರಿಗೆ 1 ಕೊರಿಂಥ 15 ತೋರಿಸಿ.

ಕೊನೇದಾಗಿ, ಒಬ್ಬರೇ ಓದ್ಬೇಡಿ

ಮನೇಲಿ ಸಂಜೆ ತೆರ್ಸ್ (ಜಪಮಾಲೆ ಪ್ರಾರ್ಥನೆ) ಆದ ಮೇಲೆ ಮಾರ್ಕನ ಅರ್ಧ ಅಧ್ಯಾಯ ಯಾರಾದ್ರೂ ಗಟ್ಟಿಯಾಗಿ ಓದ್ಲಿ, ಮಕ್ಕಳ ಕೈಲೇ ಓದಿಸಿ, ಅವರು ತಡವರಿಸಿ ಓದೋವಾಗ ನಮಗೆ ಗೊತ್ತಿರೋ ಸಾಲೂ ಹೊಸದಾಗಿ ಕೇಳ್ಸುತ್ತೆ. ಓದಿ ಆದ್ಮೇಲೆ ಪ್ರಶ್ನೆ ಎರಡೇ ಸಾಕು, ಇಲ್ಲಿ ದೇವರು ಏನು ಮಾಡಿದ್ರು, ಇಲ್ಲಿ ಯಾರಿಗೆ ಇದು ಒಳ್ಳೇ ಸುದ್ದಿ. ಕ್ಯಾಥೋಲಿಕ್ ಪೂಜೆಗೆ ಹೋಗೋರಿಗೆ ಇನ್ನೊಂದು ಅನುಕೂಲ ಇದೆ, ಭಾನುವಾರದ ವಾಚನ ಮೂರು ವರ್ಷದ ಸುತ್ತು, ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಆಮೇಲೆ ಲೂಕ, ಯೊವಾನ್ನ ಮುಖ್ಯವಾಗಿ ಪಾಸ್ಕ ಅಂದ್ರೆ ಈಸ್ಟರ್ ಕಾಲದಲ್ಲಿ. ವರ್ಷ ಬದಲಾಗೋದು ಕ್ರಿಸ್ಮಸ್ಸಿನ ಮುಂಚಿನ ಆಗಮನ ಕಾಲದಲ್ಲಿ. ಈ ವರ್ಷ ಯಾರದ್ದು ಅಂತ ನಿಮ್ಮ ಫಾದರ್ ಹತ್ರ ಕೇಳಿ, ಮುಂದಿನ ಭಾನುವಾರದ ಭಾಗ ಶನಿವಾರವೇ ಮನೇಲಿ ಓದ್ಕೊಂಡು ಹೋಗಿ. ವಾಂಜೆಲ್ ಓದೋವಾಗ ಎಲ್ಲರೂ ಎದ್ದು ನಿಂತು ಹಣೆ, ತುಟಿ, ಎದೆ ಮೇಲೆ ಶಿಲುಬೆ ಗುರುತು ಹಾಕ್ತೀವಲ್ಲ, ಯೋಚನೆಯಲ್ಲಿ, ಮಾತಲ್ಲಿ, ಮನಸ್ಸಲ್ಲಿ ಈ ಸುದ್ದಿ ಇರ್ಲಿ ಅಂತ, ಅದಕ್ಕೆ ಮೊದಲೇ ಓದ್ಕೊಂಡು ಬಂದೋರ ಕೈ ಬೇರೆ ಥರ ಆಡುತ್ತೆ.

ಕ್ರೈಸ್ತರಲ್ಲದ ಗೆಳೆಯರು ಜೊತೆಗೆ ಕೂತ್ರೆ ತುಂಬಾ ಒಳ್ಳೇದು, ನಾವು ಅಭ್ಯಾಸದಲ್ಲಿ ದಾಟಿ ಹೋಗೋ ಜಾಗದಲ್ಲಿ ಅವರು ತಡೆದು ಕೇಳ್ತಾರೆ. ಶಿರಸಿಯ ಆ ಸ್ನೇಹಿತ 5ನೇ ಅಧ್ಯಾಯ ಓದಿ ಮೊದಲು ಕೇಳಿದ್ದೇ, ಆ ಹೆಂಗಸಿನ ಹೆಸರು ಯಾಕೆ ಬರೀಲಿಲ್ಲ ಅಂತ. ನಮ್ಮ ಗುಂಪಲ್ಲಿ ಅಲ್ಲಿವರೆಗೆ ಯಾರೂ ಅದನ್ನ ಕೇಳಿರ್ಲಿಲ್ಲ. ಮಾರ್ಕ ಮುಗಿದ ಮೇಲೆ ರೋಮಾಪುರದವರಿಗೆ ಬರೆದ ಪತ್ರದ 1ರಿಂದ 8 ಅಧ್ಯಾಯ ತಗೊಳ್ಳಿ, ಅದು ಕಷ್ಟ ಇದೆ, ವಾರಕ್ಕೆ ಅರ್ಧ ಅಧ್ಯಾಯದ ಮೇಲೆ ಹೋಗ್ಬೇಡಿ, 1:16ರಿಂದ ಶುರು ಮಾಡಿ.